ಮೌಸ್ ಹಿಡಿದ ಕೈಗೆ ಕಂಟ್ರೋಲರ್

ಬಾಲ್ ಮೌಸ್ ಮಗುಚಿ ಗುಂಡು ತೆಗೆದರೆ ಒಳಗೆ ಪುಟ್ಟ ರೋಲರ್‌ಗಳು ಕಾಣುತ್ತವೆ. ಕೈಬೆವರು, ಧೂಳು ಸೇರಿ ಅವುಗಳ ಸುತ್ತ ಕಪ್ಪಗೆ ಪಟ್ಟಿ ಕಟ್ಟುತ್ತಿತ್ತು. ಜೆ.ಪಿ. ನಗರದಲ್ಲಿ ನಾನು ಸೈಬರ್ ಕೆಫೆ ನಡೆಸುತ್ತಿದ್ದಾಗ ಹುಡುಗರು ಕೂತ ತಕ್ಷಣ ಮಾಡುತ್ತಿದ್ದ ಮೊದಲ ಕೆಲಸ ಆ ಕೊಳೆಯನ್ನು ಉಗುರಿನಿಂದ ಕೆರೆದು ತೆಗೆಯುವುದು. ಮುಂದೆ ಕೆಲವು ಸೀಟುಗಳಿಗೆ ಆಪ್ಟಿಕಲ್ ಮೌಸ್ ಹಾಕಿಸಿದೆ. ಆ ಸೀಟುಗಳಿಗಾಗಿ ದಿನವೂ ಜಗಳ. ಕೌಂಟರ್-ಸ್ಟ್ರೈಕ್ ಆಡುವವನಿಗೆ ಮೌಸೇ ಸರ್ವಸ್ವ.

ಈ ಆಟವನ್ನು ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು 1999ರಲ್ಲಿ 'ಹಾಫ್-ಲೈಫ್' ಆಟದ ಮೇಲೆ ಕಟ್ಟಿದರು. 2000ದ ನವೆಂಬರ್‌ನಲ್ಲಿ ವಾಲ್ವ್ ಕಂಪನಿ ಅದನ್ನು ತನ್ನದಾಗಿ ಮಾರುಕಟ್ಟೆಗೆ ಬಿಟ್ಟಿತು. ಜಯನಗರ, ಬನಶಂಕರಿ, ಬಿಟಿಎಂ ಲೇಔಟಿನ ಕೆಫೆಗಳಲ್ಲಿ ಅದಕ್ಕೆ ಪೂರ್ತಿ ಹೆಸರೇ ಇರಲಿಲ್ಲ, ಬರೀ 'ಸಿಎಸ್'. ಅಂತರ್ಜಾಲವೂ ಬೇಕಿರಲಿಲ್ಲ. ಒಂದು ಸ್ವಿಚ್ಚು, ನೆಲದ ಮೇಲೆ ಎಳೆದ ನೀಲಿ ಕೇಬಲ್ಲು, ಸರ್ವರ್ ಆಗಿ ಒಂದು ಕಂಪ್ಯೂಟರ್ ಇದ್ದರೆ ಸಾಕು. ಐದು ಜನ ಈ ಕಡೆ, ಐದು ಜನ ಆ ಕಡೆ. "ಮಗಾ, ಬಿ ಕಡೆ ಬಾರೋ, ಬಾಂಬ್ ಅಲ್ಲೇ ಇದೆ" ಎಂದು ಒಬ್ಬ ಕೂಗಿದರೆ ಎದುರು ಪಾರ್ಟಿಗೂ ಕೇಳಿಸುತ್ತಿತ್ತು. ಅದಕ್ಕೇ ಕೆಲವು ತಂಡಗಳು ತಮ್ಮದೇ ಗುಟ್ಟಿನ ಮಾತು ಮಾಡಿಕೊಂಡಿದ್ದವು. 2004ರಲ್ಲಿ ಸರ್ಕಾರ ಸೈಬರ್ ಕೆಫೆಗಳಿಗೆ ನಿಯಮ ತಂದ ಮೇಲೆ ಬಂದವರ ಗುರುತು, ವಿಳಾಸ ಬರೆದುಕೊಳ್ಳಬೇಕಾಯಿತು. ಕಾಲೇಜಿನ ಐಡಿ ಕಾರ್ಡುಗಳು ಮೇಜಿನ ಮೇಲೆ ಸಾಲಾಗಿ ಬೀಳುತ್ತಿದ್ದವು.

ಇಂಥ ಆಟವನ್ನು ಟಿವಿಯ ಮುಂದಿನ ಸೋಫಾಕ್ಕೆ, ಅಂದರೆ ಟಿವಿಗೆ ಜೋಡಿಸುವ ಕನ್ಸೋಲಿಗೆ, ತರುವುದು ಯಾಕೆ ಕಷ್ಟ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಕೆಫೆ ಮುಚ್ಚಿ ಕಂಟ್ರೋಲರ್ ರಿಪೇರಿಗೆ ಕೂತ ಮೇಲೆ. ಕಂಟ್ರೋಲರ್ ಬಿಚ್ಚಿ, ಹೆಬ್ಬೆರಳಿನಿಂದ ವಾಲಿಸುವ ಕಡ್ಡಿಯ ಬುಡ ನೋಡಿ. ಅಲ್ಲಿ ಎರಡು ಪುಟ್ಟ ಪೊಟೆನ್ಷಿಯೋಮೀಟರ್‌ಗಳಿವೆ, ಒಂದು ಅಡ್ಡಕ್ಕೆ, ಇನ್ನೊಂದು ಉದ್ದಕ್ಕೆ. ಕಡ್ಡಿ ಎಷ್ಟು ವಾಲಿದೆ ಎಂದು ಹೇಳುವುದಷ್ಟೇ ಅವುಗಳ ಕೆಲಸ. ಮೌಸ್ ಹಾಗಲ್ಲ. ಕೈ ನಾಲ್ಕು ಬೆರಳು ಸರಿದರೆ ಗುರಿಯೂ ಅದಕ್ಕೆ ತಕ್ಕಷ್ಟು ಸರಿದು ಅಲ್ಲೇ ನಿಲ್ಲುತ್ತದೆ. ಕಡ್ಡಿಯಲ್ಲಿ ವಾಲಿದಷ್ಟೂ ನೋಟ ತಿರುಗುವ ವೇಗ ಹೆಚ್ಚುತ್ತದೆ, ಬಿಟ್ಟಾಗಲೇ ನಿಲ್ಲುತ್ತದೆ. ಬೆನ್ನ ಹಿಂದೆ ಸದ್ದಾದರೆ ಮೌಸಿನವನು ಒಂದೇ ಎಳೆತಕ್ಕೆ ತಿರುಗುತ್ತಾನೆ. ಕಡ್ಡಿಯವನು ಪೂರ್ತಿ ಒತ್ತಿ ಹಿಡಿದು ತಿರುಗುವವರೆಗೆ ಕಾಯಬೇಕು. ಸಾಲದ್ದಕ್ಕೆ ಒಳಗಿನ ಪಟ್ಟಿ ಸವೆದಂತೆ ಕಡ್ಡಿ ಮುಟ್ಟದಿದ್ದರೂ ನೋಟ ತಾನಾಗಿ ಜಾರತೊಡಗುತ್ತದೆ. ನನ್ನ ಬೆಂಚಿಗೆ ಬರುವ ಕಂಟ್ರೋಲರ್‌ಗಳಲ್ಲಿ ಬಹುಪಾಲಿಗೆ ಇದೇ ಕಾಯಿಲೆ.

ಆಟ ಕಟ್ಟುವವರು ಇದಕ್ಕೆ ಬೇರೆ ಬೇರೆ ದಾರಿ ಹುಡುಕಿದರು. 2000ದಲ್ಲಿ 'ಕ್ವೇಕ್ 3' ಡ್ರೀಮ್‌ಕಾಸ್ಟಿಗೂ 'ಅನ್‌ರಿಯಲ್ ಟೂರ್ನಮೆಂಟ್' ಪ್ಲೇಸ್ಟೇಷನ್ 2ಕ್ಕೂ ಬಂದಾಗ ಕೀಬೋರ್ಡು, ಮೌಸ್ ಜೋಡಿಸಲು ಅವಕಾಶವಿತ್ತು. ಸಮಸ್ಯೆಯನ್ನು ಆಟಗಾರನ ಮೇಲೇ ಬಿಟ್ಟಂತಾಯಿತು. 2001ರ 'ಹೇಲೋ' ಮಾತ್ರ ಕಡ್ಡಿಯನ್ನೇ ಮೂಲವಾಗಿ ಒಪ್ಪಿಕೊಂಡಿತು. ಕೈಯಲ್ಲಿ ಎರಡೇ ಬಂದೂಕು, ತುಸು ನಿಧಾನದ ನಡೆ, ಗುರಿ ವೈರಿಯ ಹತ್ತಿರ ಬಂದಾಗ ಮೆಲ್ಲಗೆ ಅಂಟಿಕೊಳ್ಳುವ ಸಹಾಯ. ಮುಂದೆ ಬಂದವರೆಲ್ಲ ನಡೆದದ್ದು ಹೆಚ್ಚುಕಡಿಮೆ ಅದೇ ದಾರಿಯಲ್ಲಿ.

ಕೌಂಟರ್-ಸ್ಟ್ರೈಕ್ 2003ರ ನವೆಂಬರ್‌ನಲ್ಲಿ ಎಕ್ಸ್‌ಬಾಕ್ಸಿಗೆ ಬಂತು. ನಮ್ಮ ಕಡೆ ಆ ಯಂತ್ರ ಕಂಡದ್ದು ಅಮೆರಿಕದಿಂದ ರಜೆಗೆ ಬಂದ ಅಣ್ಣಂದಿರ, ಮಾವಂದಿರ ಸೂಟ್‌ಕೇಸಿನಲ್ಲಿ. ಅದು 110 ವೋಲ್ಟಿನದು. ಎಸ್.ಪಿ. ರಸ್ತೆಯಿಂದ ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ತಂದರಷ್ಟೇ ಬದುಕು. ಹಳೆಯ ಟಿವಿಗಳಲ್ಲಿ ಚಿತ್ರ ಕಪ್ಪು ಬಿಳುಪಾಗಿ ಬರುತ್ತಿತ್ತು. ರಾತ್ರಿ ಟಿ.ಎನ್. ಸೀತಾರಾಂ ಅವರ ಧಾರಾವಾಹಿ ಮುಗಿಯುವವರೆಗೆ ಆ ಟಿವಿಯೂ ಕೈಗೆ ಸಿಗದು. ಇಷ್ಟೆಲ್ಲ ಆದಮೇಲೆ ಆಡುವುದು ಯಾರ ಜೊತೆ? ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಬಂದದ್ದೇ 2005ರಲ್ಲಿ, ಅದೂ 256 ಕೆಬಿಪಿಎಸ್ ವೇಗದಿಂದ ಶುರು.

ಇಲ್ಲಿ ಉಪಕಾರಕ್ಕೆ ಬಂದದ್ದು ಬಾಟ್‌ಗಳು, ಅಂದರೆ ಮನುಷ್ಯರ ಜಾಗದಲ್ಲಿ ಯಂತ್ರವೇ ಆಡಿಸುವ ಪಾತ್ರಧಾರಿಗಳು. ಕಂಪ್ಯೂಟರಿನಲ್ಲಿ ಹುಡುಗರು ಪಾಡ್‌ಬಾಟ್ ಎಂಬುದನ್ನು ಹೊರಗಿನಿಂದ ತಂದು ಸೇರಿಸಿಕೊಳ್ಳುತ್ತಿದ್ದರು. ಎಕ್ಸ್‌ಬಾಕ್ಸ್ ಆವೃತ್ತಿಯಲ್ಲಿ ಟರ್ಟಲ್ ರಾಕ್ ಸ್ಟುಡಿಯೋದ ಬಾಟ್‌ಗಳು ಆಟದೊಳಗೇ ಇದ್ದವು. ಆ ಆವೃತ್ತಿಯ ದೊಡ್ಡ ಸಾಧನೆ ಇದೇ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ. ಗುಂಡಿಗಳನ್ನು ಮರುಹೊಂದಿಸಿದರೆ ಕೈಗೆ ಆಟ ಬರುತ್ತದೆ, ಒಂದು ಕೋಣೆ ತುಂಬ ಕೂಗುವ ಸ್ನೇಹಿತರು ಬರುವುದಿಲ್ಲ. ಆ ಖಾಲಿ ಜಾಗಕ್ಕೆ ಏನನ್ನಾದರೂ ತುಂಬಲೇಬೇಕಿತ್ತು.

ಆಟವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಹೊತ್ತೊಯ್ಯುವ ಈ ಕಸುಬಿಗೆ ಬೆಂಗಳೂರೂ ಬೇಗನೆ ಕೈಹಾಕಿತ್ತು. ರಾಜೇಶ್ ರಾವ್ 1997ರಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್‌ಗೆ ಫ್ರಾನ್ಸಿನ ಇನ್ಫೋಗ್ರಾಮ್ಸ್ 'ಮಿಷನ್: ಇಂಪಾಸಿಬಲ್' ಆಟದ ಕಂಪ್ಯೂಟರ್ ಆವೃತ್ತಿಯ ಕೆಲಸ ಕೊಟ್ಟಿತ್ತು. ನಿಂಟೆಂಡೊ ಕನ್ಸೋಲಿನ ಆಟ ಅದು, ಅಂದರೆ ಪಯಣ ಹಿಮ್ಮುಖ. 2019ರಲ್ಲಿ ಧ್ರುವವನ್ನು ರಾಕ್‌ಸ್ಟಾರ್ ಕೊಂಡುಕೊಂಡಿತು.

ಎಕ್ಸ್‌ಬಾಕ್ಸ್ 360 ಅಧಿಕೃತವಾಗಿ ಭಾರತಕ್ಕೆ ಬಂದದ್ದು 2006ರಲ್ಲಿ, ಪ್ಲೇಸ್ಟೇಷನ್ 3 ಅದರ ಮರುವರ್ಷ. ಅದರ ನಂತರ ನಡೆದದ್ದು ಸೋಜಿಗದ ಸಂಗತಿ. ಹಿಡನ್ ಪಾತ್ ಎಂಬ ಸಂಸ್ಥೆ ಕೌಂಟರ್-ಸ್ಟ್ರೈಕಿನ 'ಸೋರ್ಸ್' ಆವೃತ್ತಿಯನ್ನು ಕನ್ಸೋಲಿಗೆ ಒಗ್ಗಿಸಲು ಹೊರಟಿತು. ಕೆಲಸ ಬೆಳೆದು ಬೆಳೆದು 2012ರ ಆಗಸ್ಟ್‌ನಲ್ಲಿ 'ಗ್ಲೋಬಲ್ ಅಫೆನ್ಸಿವ್' ಎಂಬ ಹೊಸ ಆಟವೇ ಆಯಿತು. ಆದರೆ ಕನ್ಸೋಲಿಗೆ ಪ್ರತಿ ತಿದ್ದುಪಡಿಯೂ ಯಂತ್ರದ ಒಡೆಯರ ಪರೀಕ್ಷೆ ದಾಟಿ ಬರಬೇಕು. ಕಂಪ್ಯೂಟರ್ ಆವೃತ್ತಿಯನ್ನು ಬೇಕೆಂದಾಗ ತಿದ್ದಲು ಅಡ್ಡಿಯಾಗಬಾರದೆಂದು ಪ್ಲೇಸ್ಟೇಷನ್ ಮತ್ತು ಕಂಪ್ಯೂಟರ್ ಆಟಗಾರರನ್ನು ಒಟ್ಟಿಗೆ ಆಡಿಸುವ ಯೋಜನೆಯನ್ನೇ ವಾಲ್ವ್ ಕೈಬಿಟ್ಟಿತು. ಕಂಪ್ಯೂಟರಿನಲ್ಲಿ ಆಟ ವರ್ಷವರ್ಷವೂ ಬದಲಾಯಿತು, ಕನ್ಸೋಲಿನಲ್ಲಿ ಹಾಗೇ ನಿಂತುಬಿಟ್ಟಿತು. ಯಾರಿಗಾಗಿ ಹೊರಟಿತ್ತೋ ಅವರೇ ಹಿಂದೆ ಉಳಿದದ್ದು ನನಗೆ ಇಂದಿಗೂ ಬೇಸರದ ವಿಷಯ. 2023ರ 'ಕೌಂಟರ್-ಸ್ಟ್ರೈಕ್ 2' ಕನ್ಸೋಲಿಗೆ ಬರಲೇ ಇಲ್ಲ.

ನಮ್ಮ ಬಡಾವಣೆಗಳಲ್ಲಿ ಹೆಚ್ಚಿನ ಮನೆಗಳು ಕನ್ಸೋಲನ್ನು ದಾಟಿ ನೇರ ಮೊಬೈಲಿಗೆ ಹೋದವು. 2018ರ ಪಬ್‌ಜಿ ಮೊಬೈಲ್ ಅದನ್ನು ಮಾಡಿಸಿತು.

2024ರಲ್ಲಿ ಕೌಂಟರ್-ಸ್ಟ್ರೈಕ್ ಬಗೆಯದೇ ಆದ 'ವ್ಯಾಲರಂಟ್' ಆಟವನ್ನು ಕನ್ಸೋಲಿಗೆ ತಂದ ರಾಯಟ್ ಸಂಸ್ಥೆ, ಕಡ್ಡಿಯಲ್ಲಿ ಗುರಿ ನಿಖರವಾಗಿಸಲು 'ಫೋಕಸ್' ಎಂಬ ಹೊಸ ವಿಧಾನ ಸೇರಿಸಿತು. ಕಂಪ್ಯೂಟರ್ ಆಟಗಾರರ ಜೊತೆ ಕನ್ಸೋಲಿನವರನ್ನು ಕಣಕ್ಕಿಳಿಸಲಿಲ್ಲ. ಇದು ಸರಿಯಾದ ತೀರ್ಮಾನ. ಕಂಟ್ರೋಲರ್ ರಿಪೇರಿಗೆ ತರುವ ಹುಡುಗರು ಒಟ್ಟಿಗೆ ಆಡಿಸಬೇಕಿತ್ತು ಎಂದು ನನ್ನೊಡನೆ ವಾದಕ್ಕೆ ಇಳಿಯುತ್ತಾರೆ. ಅವರಿಗೆ ಬಿಚ್ಚಿಟ್ಟ ಕಡ್ಡಿಯ ಬುಡ ತೋರಿಸಿ, ಪಕ್ಕದಲ್ಲೊಂದು ಮೌಸ್ ಇಟ್ಟು, ಎರಡನ್ನೂ ಕೈಯಲ್ಲಿ ಹಿಡಿದು ನೋಡಿ ಅನ್ನುತ್ತೇನೆ.