ನಿಕೋಟಿನ್ ಲಾಜೆಂಜ್

ಧೂಮಪಾನ ಬಿಡುವವರಿಗೆ ನೆರವಾಗಲು ರೂಪಿಸಿದ ಚೀಪುವ ಮಾತ್ರೆ. ಒಂದೊಂದು ಮಾತ್ರೆಯಲ್ಲಿ 2 ಅಥವಾ 4 ಮಿ.ಗ್ರಾಂ. ಶುದ್ಧೀಕರಿಸಿದ ನಿಕೋಟಿನ್ ಇರುತ್ತದೆ. ಅಗಿಯುವ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್, ಬಾಯಿಗೆ ಹೊಡೆದುಕೊಳ್ಳುವ ಸ್ಪ್ರೇಗಳ ಜೊತೆಗೆ ಇದೂ ನಿಕೋಟಿನ್ ಬದಲಿ ಚಿಕಿತ್ಸೆಗೆ ಸೇರಿದ್ದು. ಚಟ ಹಿಡಿಸುವುದು ನಿಕೋಟಿನ್. ಶ್ವಾಸಕೋಶವನ್ನೂ ರಕ್ತನಾಳಗಳನ್ನೂ ಹಾಳುಮಾಡುವುದು ಮುಖ್ಯವಾಗಿ ಹೊಗೆಯ ಜೊತೆ ಬರುವ ಟಾರು, ಕಾರ್ಬನ್ ಮೋನಾಕ್ಸೈಡ್ ಮತ್ತು ಕ್ಯಾನ್ಸರ್‌ಕಾರಕಗಳು. ಈ ಎರಡನ್ನೂ ಬೇರ್ಪಡಿಸಿ, ಹೊಗೆಯನ್ನು ಒಂದೇ ದಿನದಲ್ಲಿ ನಿಲ್ಲಿಸಿ ನಿಕೋಟಿನನ್ನು ಮೂರು ತಿಂಗಳಲ್ಲಿ ಇಳಿಸುತ್ತ ಬರುವುದು ಈ ಚಿಕಿತ್ಸೆಯ ತಿರುಳು. ಲಾಜೆಂಜ್ ನೋಡಲು ಪೆಪ್ಪರ್‌ಮಿಂಟಿನಂತೆಯೇ ಇರುತ್ತದೆ. ಅದರ ಬಹುಪಾಲು ಸೋಲುಗಳು ಶುರುವಾಗುವುದು ಈ ಹೋಲಿಕೆಯಿಂದಲೇ. ಪೆಪ್ಪರ್‌ಮಿಂಟಿನಂತೆ ಕಡಿದು ನುಂಗಿದವರಿಗೆ, ಪ್ಯಾಚಿನ ಜೊತೆಯಿಲ್ಲದೆ ಆಸೆಯಾದಾಗ ಮಾತ್ರ ಒಂದೊಂದು ಬಾಯಿಗೆ ಹಾಕಿಕೊಂಡವರಿಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮುಖ್ಯ ಕಾರಣ ಬಾಯಿಯೊಳಗಿನ ರಸಾಯನದಲ್ಲಿದೆ.

ಬಾಯಿಯಲ್ಲಿ ನಡೆಯುವುದು

ನಿಕೋಟಿನ್ ಒಂದು ದುರ್ಬಲ ಕ್ಷಾರ. ಸುತ್ತಲಿನ ದ್ರವ ಆಮ್ಲೀಯವಾಗಿದ್ದರೆ ಅದರ ಅಣುಗಳು ವಿದ್ಯುದಾವೇಶ ಪಡೆಯುತ್ತವೆ, ಕ್ಷಾರೀಯವಾಗಿದ್ದರೆ ಆವೇಶವಿಲ್ಲದೆ ಉಳಿಯುತ್ತವೆ. ಕೆನ್ನೆಯ ಒಳಪೊರೆ ಕೊಬ್ಬಿನ ಅಂಶವುಳ್ಳ ಜೀವಕೋಶಗಳಿಂದಾದದ್ದು. ಅದನ್ನು ಸರಾಗವಾಗಿ ದಾಟಬಲ್ಲವು ಆವೇಶವಿಲ್ಲದ ಅಣುಗಳು ಮಾತ್ರ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಸುಮಾರು 8 ಇರುವಲ್ಲಿ ನಿಕೋಟಿನ್ ಈ ಎರಡು ರೂಪಗಳಲ್ಲಿ ಅರ್ಧರ್ಧ ಇರುತ್ತದೆ. ಪಿಎಚ್ 7ಕ್ಕೆ ಇಳಿದರೆ ದಾಟಬಲ್ಲ ಪಾಲು ಹತ್ತರಲ್ಲಿ ಒಂದಕ್ಕೂ ತುಸು ಕಡಿಮೆ, 6ಕ್ಕೆ ಇಳಿದರೆ ನೂರರಲ್ಲಿ ಒಂದರಷ್ಟು. 9ಕ್ಕೆ ಏರಿದರೆ ಹತ್ತರಲ್ಲಿ ಒಂಬತ್ತು ಪಾಲು ದಾಟಲು ಸಿದ್ಧ. ಸಾಮಾನ್ಯವಾಗಿ ಜೊಲ್ಲಿನ ಪಿಎಚ್ 7ರ ಆಸುಪಾಸಿನಲ್ಲಿರುವುದರಿಂದ ಬರಿಯ ನಿಕೋಟಿನನ್ನು ಬಾಯಲ್ಲಿಟ್ಟುಕೊಂಡರೆ ಹೆಚ್ಚಿನದು ಅಲ್ಲೇ ಉಳಿದು, ಜೊಲ್ಲಿನೊಂದಿಗೆ ಹೊಟ್ಟೆಗೆ ಹೋಗುತ್ತದೆ. ಹೊಟ್ಟೆ ಸೇರಿದ್ದು ಕರುಳಿನಿಂದ ನೇರ ಯಕೃತ್ತಿಗೆ ಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಭಾಗ ಅಲ್ಲೇ ವಿಭಜನೆಯಾಗಿ ನಾಶವಾಗುತ್ತದೆ. ಆದುದರಿಂದ ಲಾಜೆಂಜಿನೊಳಗೆ ಸೋಡಿಯಂ ಕಾರ್ಬೊನೇಟಿನಂಥ ಕ್ಷಾರವನ್ನು ಸೇರಿಸಿರುತ್ತಾರೆ. ಮಾತ್ರೆ ಕರಗುತ್ತ ಹೋದಂತೆ ಅದರ ಸುತ್ತಲಿನ ಜೊಲ್ಲು ಕ್ಷಾರೀಯವಾಗಿ ನಿಕೋಟಿನ್ ಒಳಪೊರೆಯ ಮೂಲಕ ರಕ್ತಕ್ಕಿಳಿಯುತ್ತದೆ.

ಕರ್ನಾಟಕದ ಓದುಗರಿಗೆ ಈ ತತ್ತ್ವ ಹೊಸದೇನಲ್ಲ. ಹೊಗೆಸೊಪ್ಪಿನ ಎಸಳನ್ನು ಅಂಗೈಯಲ್ಲಿಟ್ಟು, ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು, ಹೆಬ್ಬೆರಳಿನಿಂದ ತಿಕ್ಕಿ ದವಡೆಗಿಡುವವರು ಮಾಡುವುದೂ ಇದನ್ನೇ. ಸುಣ್ಣವಿಲ್ಲದೆ ಹೊಗೆಸೊಪ್ಪು ಏರುವುದಿಲ್ಲ ಎಂಬುದು ಅವರ ಅನುಭವ; ಆ ಏರುವಿಕೆಯ ರಸಾಯನ ಮೇಲೆ ಹೇಳಿದ್ದೇ. ಇದಕ್ಕೆ ತಿರುವುಮುರುವಾದದ್ದು ಸಿಗರೇಟು. ಹುಣಸೂರು, ಪಿರಿಯಾಪಟ್ಟಣಗಳ ಬ್ಯಾರನ್‌ಗಳಲ್ಲಿ ಬಿಸಿಗಾಳಿಯಿಂದ ಹದಗೊಳಿಸುವ ಎಲೆಯಂಥ ತಂಬಾಕಿನಲ್ಲಿ ಸಕ್ಕರೆಯ ಅಂಶ ಉಳಿದಿರುತ್ತದೆ. ಅದು ಉರಿದಾಗ ಬರುವ ಹೊಗೆ ಆಮ್ಲೀಯ, ಪಿಎಚ್ ಸುಮಾರು 6ರ ಒಳಗೆ. ಆ ಹೊಗೆಯನ್ನು ಬಾಯಲ್ಲೇ ಇಟ್ಟುಕೊಂಡರೆ ನಿಕೋಟಿನ್ ಅಷ್ಟಾಗಿ ಹೀರಿಕೆಯಾಗದು. ಎದೆಯೊಳಗೆ ಎಳೆದುಕೊಂಡಾಗ ಮಾತ್ರ ಶ್ವಾಸಕೋಶದ ವಿಶಾಲ ಮೇಲ್ಮೈಯಲ್ಲಿ ಅದು ಕ್ಷಣಗಳಲ್ಲಿ ರಕ್ತ ಸೇರಿ, 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಗಂಟಲಿಗೆ ಹಿತವಾಗಿರುವ ಈ ಆಮ್ಲೀಯ ಹೊಗೆಯೇ ಆಳವಾಗಿ ಎಳೆಯಲು ಒಗ್ಗಿಸುತ್ತದೆ, ಆಳವಾಗಿ ಎಳೆಯುವುದೇ ಚಟವನ್ನು ಬಿಗಿಗೊಳಿಸುತ್ತದೆ.

ಒಂದು ಸಿಗರೇಟಿನಿಂದ ಶರೀರಕ್ಕೆ ಸೇರುವುದು ಸುಮಾರು 1ರಿಂದ 1.5 ಮಿ.ಗ್ರಾಂ. ನಿಕೋಟಿನ್. ಹೀಗಾಗಿ 2 ಮಿ.ಗ್ರಾಂ. ಲಾಜೆಂಜು ಒಂದೂವರೆ ಸಿಗರೇಟಿಗೆ ಸಮ ಎಂದು ಲೆಕ್ಕ ಹಾಕುವವರಿದ್ದಾರೆ. ಈ ಲೆಕ್ಕ ತಪ್ಪು. ಲಾಜೆಂಜು ಕರಗಲು 20ರಿಂದ 30 ನಿಮಿಷ ಬೇಕು, ರಕ್ತದಲ್ಲಿ ನಿಕೋಟಿನ್ ಗರಿಷ್ಠ ಮಟ್ಟ ಮುಟ್ಟುವುದು ಆಮೇಲೆ. ಸಿಗರೇಟು ಕೊಡುವ ಚುರುಕಾದ ಹೊಡೆತ ಇದರಲ್ಲಿಲ್ಲ. ಸೇದುವವರು ಇದನ್ನು ಲಾಜೆಂಜಿನ ದೋಷವೆಂದೇ ದೂರುತ್ತಾರೆ. ಈ ಲೇಖಕನ ಅಭಿಪ್ರಾಯದಲ್ಲಿ ಚಿಕಿತ್ಸೆಯ ಬಲವಿರುವುದೇ ಈ ನಿಧಾನದಲ್ಲಿ. ಪ್ರತಿ ದಮ್ಮಿಗೂ ಮಿದುಳಿಗೆ ಸಿಗುವ ತಕ್ಷಣದ ಬಹುಮಾನ ಚಟವನ್ನು ಕಟ್ಟುತ್ತದೆ. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಮಟ್ಟ ಚಡಪಡಿಕೆ, ಸಿಡುಕು, ಏಕಾಗ್ರತೆಯ ಕೊರತೆಗಳನ್ನು ತಗ್ಗಿಸುತ್ತದೆಯೇ ಹೊರತು ಆ ಬಹುಮಾನವನ್ನು ಕೊಡುವುದಿಲ್ಲ.

ಹುಟ್ಟಿದ ಬಗೆ

ಸೇದುವುದು ನಿಕೋಟಿನ್‌ಗಾಗಿ ಎಂಬುದು ಒಂದು ಕಾಲಕ್ಕೆ ಸರ್ವಸಮ್ಮತವಾಗಿರಲಿಲ್ಲ. ಬ್ರಿಟನ್ನಿನ ವೈದ್ಯ ಲೆನಾಕ್ಸ್ ಜಾನ್‌ಸ್ಟನ್ ತನಗೂ ಕೆಲವು ಸ್ವಯಂಸೇವಕರಿಗೂ ನಿಕೋಟಿನ್ ಚುಚ್ಚುಮದ್ದು ಕೊಟ್ಟು ನೋಡಿ, 1942ರಲ್ಲಿ ಲಾನ್ಸೆಟ್ ಪತ್ರಿಕೆಯಲ್ಲಿ ಆ ವಾದವನ್ನು ಮಂಡಿಸಿದರು. ಆಗ ಅದಕ್ಕೆ ತಕ್ಕ ಮನ್ನಣೆ ಸಿಗಲಿಲ್ಲ. ಬದಲಿ ಚಿಕಿತ್ಸೆಯ ಯೋಚನೆ ಮೊಳೆತದ್ದು 1960ರ ದಶಕದ ಕೊನೆಯಲ್ಲಿ, ಸ್ವೀಡನ್ನಿನಲ್ಲಿ. ಜಲಾಂತರ್ಗಾಮಿಗಳ ನಾವಿಕರು ಸೇದಲಾಗದ ಕಡೆ ಬಾಯಲ್ಲಿಡುವ ತಂಬಾಕಿನಿಂದ ಸಮಾಧಾನ ಪಡುತ್ತಿದ್ದುದನ್ನು ಲುಂಡ್‌ನ ಸಂಶೋಧಕ ಕ್ಲೇಸ್ ಲುಂಡ್‌ಗ್ರೆನ್ ಗಮನಿಸಿದ್ದರು. ತಂಬಾಕಿಲ್ಲದೆ ನಿಕೋಟಿನನ್ನಷ್ಟೇ ಬಾಯಿಯ ಮೂಲಕ ಕೊಡಬಹುದಲ್ಲ ಎಂದು ಅವರು ಹೆಲ್ಸಿಂಗ್‌ಬೋರಿ ನಗರದ ಲಿಯೋ ಔಷಧ ಕಂಪನಿಯ ರಸಾಯನಶಾಸ್ತ್ರಜ್ಞ ಊವೆ ಫೆರ್ನೊ ಅವರಿಗೆ ಸೂಚಿಸಿದರು. ಫೆರ್ನೊ ನಿಕೋಟಿನನ್ನು ಅಯಾನು ವಿನಿಮಯ ರಾಳಕ್ಕೆ ಕಟ್ಟಿ, ಕ್ಷಾರ ಬೆರೆಸಿ, ಅಗಿದಂತೆಲ್ಲ ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುವ ಗಮ್ ತಯಾರಿಸಿದರು. ನಿಕೊರೆಟ್ ಹೆಸರಿನ ಆ ಗಮ್ 1978ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ, 1984ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆಯಿತು.

ಗಮ್ಮಿಗೆ ಎರಡು ತೊಡಕುಗಳಿದ್ದವು. ಅದನ್ನು ಸಾಧಾರಣ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ಕೆಲವು ಸಲ ಅಗಿದು, ನಾಲಿಗೆ ಚುರುಗುಟ್ಟಿದೊಡನೆ ಕೆನ್ನೆಯ ಬದಿಗೆ ಸರಿಸಿ ಬಿಡಬೇಕು. ಈ ಶಿಸ್ತು ಎಲ್ಲರಿಗೂ ಒಗ್ಗದು; ಕಟ್ಟಿಸಿದ ಹಲ್ಲು, ದವಡೆನೋವು ಇರುವವರಿಗೆ ಅಗಿಯುವುದೇ ಕಷ್ಟ. ಜೊತೆಗೆ, ಉಗಿದ ಗಮ್ಮಿನಲ್ಲಿ ನಿಕೋಟಿನಿನ ಒಂದು ಪಾಲು ಉಳಿದೇ ಹೋಗುತ್ತಿತ್ತು. ಪೂರ್ತಿ ಕರಗಿಹೋಗುವ ಲಾಜೆಂಜು ಈ ಎರಡಕ್ಕೂ ಪರಿಹಾರವಾಗಿ ಬಂತು. ಅಷ್ಟೇ ಪ್ರಮಾಣದ ಗಮ್ಮಿಗಿಂತ ಲಾಜೆಂಜಿನಿಂದ ರಕ್ತ ಸೇರುವ ನಿಕೋಟಿನ್ ಕಾಲುಭಾಗದಷ್ಟು ಹೆಚ್ಚು ಎಂದು ಅಳತೆಗಳು ತೋರಿಸಿದವು. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2002ರಲ್ಲಿ.

ಬಳಸುವ ಕ್ರಮ

ಪ್ರಮಾಣವನ್ನು ನಿರ್ಧರಿಸುವುದು ದಿನಕ್ಕೆಷ್ಟು ಸಿಗರೇಟು ಎಂಬುದರಿಂದಲ್ಲ, ಬೆಳಗಿನ ಮೊದಲ ಸಿಗರೇಟು ಯಾವಾಗ ಎಂಬುದರಿಂದ. ನಿಕೋಟಿನಿನ ಮಟ್ಟ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ರಾತ್ರಿ ನಿದ್ದೆಯಲ್ಲಿ ಅದು ತಳ ಕಾಣುತ್ತದೆ. ಎದ್ದ 30 ನಿಮಿಷದೊಳಗೆ ಸೇದಲೇಬೇಕು ಅನ್ನಿಸುವವರ ಅವಲಂಬನೆ ಆಳವಾದದ್ದು; ಅವರಿಗೆ 4 ಮಿ.ಗ್ರಾಂ. ಬೇಕು, ಉಳಿದವರಿಗೆ 2 ಸಾಕು. ರೂಢಿಯ ಕ್ರಮದ ಪ್ರಕಾರ ಮೊದಲ ಆರು ವಾರ ಗಂಟೆ ಎರಡು ಗಂಟೆಗೊಂದು, ಏಳರಿಂದ ಒಂಬತ್ತನೆಯ ವಾರದವರೆಗೆ ಎರಡರಿಂದ ನಾಲ್ಕು ಗಂಟೆಗೊಂದು, ಹತ್ತರಿಂದ ಹನ್ನೆರಡನೆಯ ವಾರದವರೆಗೆ ನಾಲ್ಕರಿಂದ ಎಂಟು ಗಂಟೆಗೊಂದು. ಮೊದಲ ವಾರಗಳಲ್ಲಿ ದಿನಕ್ಕೆ ಕನಿಷ್ಠ 9 ತೆಗೆದುಕೊಳ್ಳಬೇಕು. ಆರು ಗಂಟೆಗಳ ಅವಧಿಯಲ್ಲಿ 5, ದಿನಕ್ಕೆ 20 ಮೀರಬಾರದು. ಮಾತ್ರೆಯನ್ನು ಕಡಿಯದೆ, ನುಂಗದೆ, ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು ಆಗಾಗ ಬದಿ ಬದಲಿಸುತ್ತಿರಬೇಕು.

ಕಾಫಿಯ ವಿಚಾರವನ್ನು ಬೇರೆಯಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಕರ್ನಾಟಕದಲ್ಲಿ ಸಿಗರೇಟು ಮತ್ತು ಕಾಫಿ ಜೋಡಿ. ಕಾಫಿ, ಹಣ್ಣಿನ ರಸ, ಸೋಡಾ ಪಾನೀಯಗಳು ಆಮ್ಲೀಯ. ಅವನ್ನು ಕುಡಿದ ಬಾಯಿಗೆ ಗಮ್ ಹಾಕಿಕೊಂಡರೆ ನಿಕೋಟಿನ್ ಹೀರಿಕೆ ಬಹುಮಟ್ಟಿಗೆ ನಿಂತೇಹೋಗುತ್ತದೆ ಎಂದು 1990ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ ತೋರಿಸಿತು. ಲಾಜೆಂಜಿಗೂ ಅದೇ ನಿಯಮ. ಮಾತ್ರೆಗೆ 15 ನಿಮಿಷ ಮೊದಲು ಮತ್ತು ಅದು ಬಾಯಲ್ಲಿರುವಷ್ಟು ಹೊತ್ತು ಏನನ್ನೂ ಕುಡಿಯಬಾರದು, ತಿನ್ನಬಾರದು. ಹೋಟೆಲಿನಲ್ಲಿ ಕಾಫಿ ಮುಗಿಸಿ ಲೋಟ ಕೆಳಗಿಟ್ಟ ಕೂಡಲೇ ಸಿಗರೇಟಿನ ಆಸೆ ಕೆರಳುತ್ತದೆ. ಆಗಲೇ ಬಾಯಿಗೆ ಹಾಕಿದ ಮಾತ್ರೆ ವ್ಯರ್ಥ. ಬಾಯಿಯನ್ನು ನೀರಿನಿಂದ ಮುಕ್ಕಳಿಸಿ ಸ್ವಲ್ಪ ಹೊತ್ತು ತಡೆಯಬೇಕು, ಇಲ್ಲವೆ ಮಾತ್ರೆಯನ್ನು ಕಾಫಿಗೆ ಮುಂಚೆಯೇ ಮುಗಿಸಿರಬೇಕು.

ಪುರಾವೆ ಮತ್ತು ಆಕ್ಷೇಪ

ಲಾಜೆಂಜಿನ ಮುಖ್ಯ ಪರೀಕ್ಷೆ 1,818 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾಯಿತು. ಆರು ವಾರಗಳ ಕೊನೆಗೆ, ಆಳವಾದ ಅವಲಂಬನೆ ಇದ್ದವರ ಪೈಕಿ 4 ಮಿ.ಗ್ರಾಂ. ಪಡೆದವರಲ್ಲಿ ಶೇ. 49ರಷ್ಟು ಮಂದಿ ಸೇದದೆ ಉಳಿದಿದ್ದರು, ನಿಕೋಟಿನ್ ಇಲ್ಲದ ಹುಸಿಮಾತ್ರೆ ಪಡೆದವರಲ್ಲಿ ಶೇ. 21. ಅವಲಂಬನೆ ಕಡಿಮೆಯಿದ್ದು 2 ಮಿ.ಗ್ರಾಂ. ಪಡೆದವರಲ್ಲಿ ಶೇ. 46, ಹುಸಿಮಾತ್ರೆಯಲ್ಲಿ ಶೇ. 30. ವರ್ಷದ ಕೊನೆಗೆ ಎಲ್ಲ ಗುಂಪುಗಳಲ್ಲೂ ಸಂಖ್ಯೆ ಬಹಳ ಇಳಿದರೂ ಲಾಜೆಂಜಿನವರು ಹುಸಿಮಾತ್ರೆಯವರ ಎರಡರಷ್ಟರ ಆಸುಪಾಸಿನಲ್ಲೇ ಉಳಿದರು. ಬದಲಿ ಚಿಕಿತ್ಸೆಯ 133 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ಕಾಕ್ರೇನ್ ವಿಮರ್ಶೆ, ಬಿಡುವುದರಲ್ಲಿ ಗೆಲ್ಲುವವರ ಪ್ರಮಾಣವನ್ನು ಇದು ಶೇ. 50ರಿಂದ 60ರಷ್ಟು ಹೆಚ್ಚಿಸುತ್ತದೆಂದು ತೀರ್ಮಾನಿಸಿತು. ದಿನವಿಡೀ ಸಮಮಟ್ಟ ಕಾಯುವ ಪ್ಯಾಚಿನ ಜೊತೆ ಆಸೆ ಕೆರಳಿದಾಗ ಲಾಜೆಂಜು ಬಳಸುವ ಜೋಡಿ ಕ್ರಮ ಒಂಟಿ ಕ್ರಮಕ್ಕಿಂತ ಮೇಲು ಎಂಬುದಕ್ಕೂ ಗಟ್ಟಿ ಆಧಾರವಿದೆ.

ಇದಕ್ಕೆ ಎದುರಾದ ಬಲವಾದ ಆಕ್ಷೇಪ ಪ್ರಯೋಗಾಲಯದ ಆಚೆಯದು. ಗಮ್, ಪ್ಯಾಚುಗಳು ಅಂಗಡಿಯಲ್ಲಿ ಮುಕ್ತವಾಗಿ ಸಿಗತೊಡಗಿದ ಮೇಲೆ ದೀರ್ಘಕಾಲದ ಗೆಲುವಿಗೂ ಅವುಗಳ ಬಳಕೆಗೂ ಸಂಬಂಧ ಕಾಣುತ್ತಿಲ್ಲವೆಂದು ಕ್ಯಾಲಿಫೋರ್ನಿಯದ ಸಮೀಕ್ಷೆಗಳನ್ನಾಧರಿಸಿದ 2002ರ ಅಧ್ಯಯನವೊಂದು ವಾದಿಸಿತು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅಂಗಡಿಯಿಂದ ಕೊಂಡವರಲ್ಲಿ ಬಹಳ ಮಂದಿ ಕೆಲವೇ ವಾರಗಳಲ್ಲಿ, ಹೇಳಿದ್ದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಬಳಸಿ ನಿಲ್ಲಿಸುತ್ತಾರೆ. ಚಟ ಆಳವಾಗಿ ಬೇರೂರಿದವರೇ ಔಷಧದ ಮೊರೆಹೋಗುವುದರಿಂದ ಹೋಲಿಕೆಯೂ ಓರೆಯಾಗುತ್ತದೆ. ಆ ಅಧ್ಯಯನದಿಂದ ಹೊರಡಬೇಕಾದ ನಿರ್ಣಯ ಔಷಧ ನಿಷ್ಪ್ರಯೋಜಕ ಎಂಬುದಲ್ಲ. ಬಳಸುವ ವಿಧಾನವನ್ನು ಯಾರೂ ಕೂತು ತಿಳಿಸದೆ ಕೈಗೆ ಕೊಟ್ಟ ಔಷಧ ಅರ್ಧ ಔಷಧ ಎಂಬುದು. ಒಂದು ಚಟಕ್ಕೆ ಇನ್ನೊಂದು ಚಟವೆ ಎಂಬ ಇನ್ನೊಂದು ಆಕ್ಷೇಪ ಕೇಳಲು ನ್ಯಾಯವಾಗಿಯೇ ಇದೆ. ಕೆಲವರು ಹನ್ನೆರಡು ವಾರ ಮೀರಿಯೂ ಲಾಜೆಂಜು ಬಿಡಲಾರದೆ ಮುಂದುವರಿಸುವುದುಂಟು. ಆದರೂ ಹೊಗೆಯಿಲ್ಲದ ನಿಧಾನದ ನಿಕೋಟಿನಿಗೂ ಉರಿಯುವ ತಂಬಾಕಿಗೂ ಇರುವ ಅಪಾಯದ ಅಂತರ ಎಷ್ಟು ದೊಡ್ಡದೆಂದರೆ, ಮತ್ತೆ ಸಿಗರೇಟಿಗೆ ಮರಳುವುದಕ್ಕಿಂತ ಲಾಜೆಂಜನ್ನು ಇನ್ನಷ್ಟು ದಿನ ಮುಂದುವರಿಸುವುದೇ ಲೇಸು.

ಎಚ್ಚರಗಳು

ಬಿಕ್ಕಳಿಕೆ, ಎದೆಯುರಿ, ವಾಕರಿಕೆ, ಗಂಟಲ ಕೆರೆತ ಸಾಮಾನ್ಯ. ಹೆಚ್ಚಿನವು ಮಾತ್ರೆಯನ್ನು ಬೇಗಬೇಗ ಚೀಪಿ ಜೊಲ್ಲು ನುಂಗುವುದರಿಂದ ಬರುವಂಥವು. ಗರ್ಭಿಣಿಯರು, ಇತ್ತೀಚೆಗೆ ಹೃದಯಾಘಾತವಾದವರು ವೈದ್ಯರನ್ನು ಕೇಳಿಯೇ ಬಳಸಬೇಕು. ಮಿಠಾಯಿಯೆಂದು ಮಗು ಬಾಯಿಗೆ ಹಾಕಿಕೊಂಡರೆ ವಿಷವೇರಬಹುದು. ಹೊಗೆ ನಿಂತಾಗ ಯಕೃತ್ತಿನ ಒಂದು ಕಿಣ್ವದ ವೇಗ ತಗ್ಗುವುದರಿಂದ ಕಾಫಿಯ ಕೆಫೀನ್, ಹಾಗೆಯೇ ಥಿಯೋಫಿಲಿನ್, ಕ್ಲೋಜಪಿನ್‌ನಂಥ ಔಷಧಗಳು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುತ್ತವೆ. ಇದಕ್ಕೆ ಲಾಜೆಂಜು ಕಾರಣವಲ್ಲ, ಹೊಗೆಯ ಅಭಾವ ಕಾರಣ. ಬಿಟ್ಟ ಮೊದಲ ವಾರದ ನಿದ್ದೆಗೇಡಿನಲ್ಲಿ ಎಂದಿನಷ್ಟೇ ಕುಡಿದ ಕಾಫಿಯ ಪಾಲೂ ಇರಬಹುದು.

ಭಾರತದಲ್ಲಿ

2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 28.6 ಮಂದಿ ಯಾವುದಾದರೂ ಬಗೆಯ ತಂಬಾಕು ಬಳಸುತ್ತಾರೆ. ಬೀಡಿ ಸೇದುವವರು ಶೇ. 7.7, ಸಿಗರೇಟು ಸೇದುವವರು ಶೇ. 4. ಕರ್ನಾಟಕದಲ್ಲಿ ಸೇದುವವರು ಶೇ. 8.8 ಇದ್ದರೆ ಹೊಗೆರಹಿತ ತಂಬಾಕು ಬಳಸುವವರು ಶೇ. 16.3. ಲಾಜೆಂಜಿನ ಪ್ರಯೋಗಗಳು ಬಹುಪಾಲು ಪಶ್ಚಿಮದ ಸಿಗರೇಟು ಸೇದುವವರ ಮೇಲೆ ನಡೆದವು; ಬೀಡಿ ಸೇದುವವರಿಗೆ ಅದೇ ಪ್ರಮಾಣ ಸಾಕೇ ಎಂಬುದನ್ನು ಎಚ್ಚರಿಕೆಯಿಂದಲೇ ಹೇಳಬೇಕು. ಬೀಡಿ ತಾನಾಗಿ ಉರಿಯದು, ಆರದಂತೆ ಮೇಲಿಂದ ಮೇಲೆ ಎಳೆಯಬೇಕು. ಆದುದರಿಂದ ಬೀಡಿಯ ಸಂಖ್ಯೆ ನೋಡದೆ ಬೆಳಗಿನ ಮೊದಲ ಬೀಡಿಯ ಹೊತ್ತನ್ನು ಕೇಳುವುದು ಇಲ್ಲಿ ಇನ್ನೂ ಅಗತ್ಯ. ಹೊಗೆಸೊಪ್ಪು, ಕಡ್ಡಿಪುಡಿ ಬಿಡುವವರಿಗೂ ಲಾಜೆಂಜು ಒಂದಿಷ್ಟು ನೆರವಾಗುತ್ತದೆಂಬ ಸೂಚನೆಗಳಿವೆ. ಬಾಯಲ್ಲಿ ಏನನ್ನಾದರೂ ಇಟ್ಟುಕೊಳ್ಳುವ ಅವರ ರೂಢಿಗೆ ಅದು ಹೊಂದುವುದು ಸಹಜ, ಆದರೆ ಸಾಕ್ಷ್ಯ ಸಿಗರೇಟಿನಷ್ಟು ಗಟ್ಟಿಯಲ್ಲ.

ಔಷಧ ಅಂಗಡಿಗಳಲ್ಲಿ 2 ಮಿ.ಗ್ರಾಂ. ಸಾಮಾನ್ಯವಾಗಿ ಚೀಟಿಯಿಲ್ಲದೆ ಸಿಗುತ್ತದೆ, 4 ಮಿ.ಗ್ರಾಂ.ಗೆ ವೈದ್ಯರ ಚೀಟಿ ಬೇಕು. ಎದ್ದೊಡನೆ ಸೇದುವವರು ಚೀಟಿಯ ಗೊಡವೆ ಬೇಡವೆಂದು 2 ಮಿ.ಗ್ರಾಂ. ಕೊಂಡು, ಅದು ಸಾಲದೆ, ಔಷಧವೇ ಸುಳ್ಳೆಂದು ಕೈಬಿಡುವುದಕ್ಕೆ ಈ ವ್ಯವಸ್ಥೆ ದಾರಿಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ನಿಕೋಟಿನ್ ಬದಲಿ ಚಿಕಿತ್ಸೆಯನ್ನು 2009ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂಬಾಕು ಬಿಡಿಸುವ ಚಿಕಿತ್ಸಾಲಯವಿದೆ. ರಾಷ್ಟ್ರೀಯ ತಂಬಾಕು ತ್ಯಜನೆ ಸಹಾಯವಾಣಿಯ ಕೇಂದ್ರಗಳಲ್ಲಿ ಅದೂ ಒಂದು. 1800-11-2356 ಸಂಖ್ಯೆಗೆ ಉಚಿತವಾಗಿ ಕರೆಮಾಡಿದವರಿಗೆ ಕನ್ನಡದಲ್ಲಿ ಆಪ್ತಸಲಹೆ ದೊರೆಯುತ್ತದೆ.