ಹಳೆಯ ಅರಿವೆಯ ಮುಂದಿನ ಪಾಳಿ

ನಮ್ಮ ಮನೆಯಲ್ಲಿ ಒಂದು ಕೌದಿ ಇದೆ. ಮೂರು ಕಡೆಯ ಅಂಚಿಗೆ ಇಳಕಲ್ಲ ಸೀರೆಯ ತುಂಡುಗಳು, ನಾಲ್ಕನೆಯ ಕಡೆಗೆ ಮಾತ್ರ ಶಾಲೆಯ ಖಾಕಿ ಚಡ್ಡಿಯ ಬಟ್ಟೆ. ಬಂದವರೆಲ್ಲ ಇದೇಕೆ ಹೀಗೆ ಎಂದು ಕೇಳುತ್ತಾರೆ. ಅದನ್ನು ಹೇಳಬೇಕಾದರೆ ಒಂದು ಸ್ಟೀಲ್ ಡಬ್ಬಿಯ ಸಂಗತಿಯನ್ನೂ ಹೇಳಬೇಕು, ಸ್ವಲ್ಪ ಹಿಂದಕ್ಕೂ ಹೋಗಬೇಕು.

ಧಾರವಾಡದ ಕಡೆ ನಮ್ಮಂಥ ಮನೆಗಳಲ್ಲಿ ಸೀರೆ ಹರಿದರೆ ಅದರ ಕೆಲಸ ಬದಲಾಗುತ್ತಿತ್ತು, ಅಷ್ಟೇ. ಮೆತ್ತಗಾದ ಭಾಗ ಕೂಸಿನ ಕುಲಾಯಿಗೆ, ತೊಟ್ಟಿಲಿಗೆ. ಗಟ್ಟಿ ಉಳಿದದ್ದು ಕೌದಿಗೆ. ಕೌದಿಯೂ ಜೀರ್ಣವಾದರೆ ಅದರ ಮೇಲೆ ಹೊಸದೊಂದು ಪದರ. ಕಡೆಕಡೆಗೆ ಒರೆಸುವ ಅರಿವೆ, ಆಮೇಲೆ ಸಾರಿಸುವ ಅರಿವೆ. ನಡುವೆ ಉದುರಿದ ಚೂರುಗಳೆಲ್ಲ ನಮ್ಮ ಪಾಲು: ಹುಡುಗರಿಗೆ ಚೆಂಡು, ಹುಡುಗಿಯರಿಗೆ ಗೊಂಬೆ. ಯಾವುದರ ಪಾಳಿ ಯಾವಾಗ ಎಂದು ನಿರ್ಧರಿಸುವವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಈ ವಿಷಯದಲ್ಲಿ ಗಂಡಸರನ್ನು ಯಾರೂ ಕೇಳುತ್ತಿರಲಿಲ್ಲ.

ಈ ಸರದಿ ಆಯಿಯದೇ ಕಲ್ಪನೆ ಎಂದು ನಾನು ಬಹಳ ದಿನ ತಿಳಿದಿದ್ದೆ. ಆಮೇಲೆ ಬೌದ್ಧರ ವಿನಯಪಿಟಕದ ಚುಲ್ಲವಗ್ಗದಲ್ಲಿ ಒಂದು ಪ್ರಸಂಗ ಸಿಕ್ಕಿತು. ಕೌಶಾಂಬಿಯ ರಾಜ ಉದಯನನ ರಾಣಿಯರು ಬುದ್ಧನ ಶಿಷ್ಯ ಆನಂದನಿಗೆ ಐದುನೂರು ವಸ್ತ್ರಗಳನ್ನು ದಾನ ಕೊಟ್ಟರು. ರಾಜನಿಗೆ ಸಂಶಯ. ಒಬ್ಬ ಭಿಕ್ಷುವಿಗೆ ಇಷ್ಟೊಂದು ಬಟ್ಟೆ ಏಕೆ, ಬಟ್ಟೆಯ ವ್ಯಾಪಾರ ಮಾಡುತ್ತಾನೋ? ಹೋಗಿ ಕೇಳಿಯೇಬಿಟ್ಟ. ಚೀವರ ಹರಿದ ಭಿಕ್ಷುಗಳಿಗೆ ಹಂಚುತ್ತೇನೆ ಎಂದ ಆನಂದ. ಹಾಗಾದರೆ ಹರಿದದ್ದನ್ನು? ಮೇಲುಹಾಸು ಮಾಡುತ್ತೇವೆ. ಹಳೆಯ ಮೇಲುಹಾಸನ್ನು? ಹಾಸಿಗೆಯ ಗವಸು. ಅದು ಸವೆದರೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳು ಹೊಡೆಯುವ ಬಟ್ಟೆ. ಅದೂ ಮುಗಿದರೆ ಕತ್ತರಿಸಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುತ್ತೇವೆ. ರಾಜ ಮೆಚ್ಚಿ ತಾನೂ ಐದುನೂರು ವಸ್ತ್ರ ಕೊಟ್ಟನಂತೆ. ಇದನ್ನು ತಿಳಿಯಲು ಅವನು ಅಷ್ಟು ದೂರ ಹೋಗಬೇಕಾಗಿರಲಿಲ್ಲ ಎಂದು ನನಗನ್ನಿಸಿತು. ಅರಮನೆಯಲ್ಲಿ ನೆಲ ಒರೆಸುವ ದಾಸಿಯನ್ನು ಕೇಳಿದ್ದರೆ ಅವಳೂ ಒಪ್ಪಿಸುತ್ತಿದ್ದಳು.

ಡಬ್ಬಿಗಳ ಚರಿತ್ರೆ ಇಷ್ಟು ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕ, ರಷ್ಯಾಗಳಿಂದ ಚಿಮಣಿ ಎಣ್ಣೆ ಹಡಗಿನಲ್ಲಿ ಬರತೊಡಗಿತು. ಒಂದು ಮರದ ಪೆಟ್ಟಿಗೆಗೆ ಎರಡು ತಗಡಿನ ಡಬ್ಬಿ, ಒಂದೊಂದರಲ್ಲಿ ಸುಮಾರು 18 ಲೀಟರು. ಎಣ್ಣೆ ಉರಿದುಹೋಯಿತು, ಡಬ್ಬಿ ಉಳಿಯಿತು. ಬೆಸುಗೆ ಹಾಕುವವನ ಕೈಗೆ ಕೊಟ್ಟರೆ ಹಿಡಿಕೆಯೋ ಮುಚ್ಚಳವೋ ಬಂದು, ನೀರಿಗೂ ಜೋಳಕ್ಕೂ ಆಯಿತು. 1937ರಲ್ಲಿ ಡಾಲ್ಡಾ ಬಂತು. ತಾಳೆಮರದ ಚಿತ್ರವಿದ್ದ ಅದರ ಹಳದಿ ಡಬ್ಬಿಯನ್ನು, ಡಾಲ್ಡಾ ಮುಟ್ಟದ ಮಡಿವಂತರೂ ಬೇಡವೆನ್ನಲಿಲ್ಲ. ನಮ್ಮ ಅಡುಗೆಮನೆಯ ಹಲಗೆಯ ಮೇಲೆ ಒಂಬತ್ತು ಇದ್ದವು. ಹೆಸರು ಬರೆದಿರಲಿಲ್ಲ. ತೊಗರಿಬೇಳೆಯದು ಯಾವುದು, ರವೆಯದು ಯಾವುದು ಎಂದು ಅವ್ವ ಕತ್ತಲೆಯಲ್ಲೂ ತಪ್ಪುತ್ತಿರಲಿಲ್ಲ. ತಳ ತೂತಾದ ಹತ್ತನೆಯದರಲ್ಲಿ ಹಿತ್ತಿಲ ತುಳಸಿ ಇತ್ತು.

1984ರಲ್ಲಿ ಆಯಿ ಈ ಕೌದಿಗೆ ಕೈಹಚ್ಚಿದಳು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಒಳಗೆ ಹೊಲಿಯುತ್ತ ಬಂದು, ಮೂಲೆಗಳಿಗೆ ಮಡಚಿದ ತುಂಡಿನ ಹೂವು ಇಡುತ್ತಾರೆ. ಆಯಿಯದು ತಿರುವುಮುರುವು, ನಡುವಿನಿಂದ ಹೊರಕ್ಕೆ. ನಟ್ಟನಡುವೆ ನಮಗೆಂದೇ ಇಪ್ಪತ್ತೈದು ಮನೆಯ ಚೌಕಾಬಾರ ಹೊಲಿದಳು. ಅವಳು ಒಂದು ಮಗ್ಗಲು ಸೂಜಿ ಎಳೆಯುವಾಗ ಇನ್ನೊಂದು ಮಗ್ಗಲಲ್ಲಿ ನಾವು ಕವಡೆ ಚೆಲ್ಲುತ್ತಿದ್ದೆವು, ಬಳೆಚೂರು ನಡೆಸುತ್ತಿದ್ದೆವು. ಅಂಚಿಗೆ ಬೇಕಾದ ಬಟ್ಟೆಯೆಲ್ಲ ಮೂಲೆಯಲ್ಲಿ ಒಂದು ಗಂಟಾಗಿ ಕೂತಿತ್ತು.

ಹಳೆ ಅರಿವಿಗೆ ಸ್ಟೀಲ್ ಭಾಂಡೆ ಕೊಡುವಾಕೆ ಬಂದದ್ದು ಆ ಚಳಿಗಾಲದಲ್ಲಿ. ಅದಕ್ಕೆ ಎರಡು ಮೂರು ವರ್ಷ ಹಿಂದಷ್ಟೇ ಸೇಲಂ ಉಕ್ಕಿನ ಕಾರ್ಖಾನೆ ಕೆಲಸ ಶುರುಮಾಡಿತ್ತು. ನಮ್ಮ ಓಣಿಯ ಮನೆಗಳಲ್ಲಿ ಹಿತ್ತಾಳೆ, ತಗಡು ಹಿಂದೆ ಸರಿದು ಸ್ಟೀಲು ಮುಂದೆ ಕೂತ ಕಾಲ. ಆಯಿ ಗುಡಿಗೆ ಹೋಗಿದ್ದಳು. ಅವ್ವ ಕಟ್ಟೆಯ ಮೇಲೆ ಕೂತು ಅರ್ಧ ತಾಸು ಚೌಕಾಸಿ ಮಾಡಿ, ಆ ಗಂಟು ಕೊಟ್ಟು, ಮುಚ್ಚಳದ ಒಂದು ದೊಡ್ಡ ಡಬ್ಬಿ ತೆಗೆದುಕೊಂಡಳು.

ಆಯಿ ಬಂದು ಮೂಲೆ ನೋಡಿದಳು. "ಅದರಾಗ ನಿಮ್ಮ ಮಾವನ ಧೋತರ ಇತ್ತು" ಅಂದಳು, ಅಷ್ಟೇ.

"ಹರಿದ ಧೋತರ ಎಷ್ಟ ದಿನಾ ಇಟಗೋತೀರಿ ಅತ್ತಿ? ತೊಗರಿಬ್ಯಾಳ್ಯಾಗ ತುಕ್ಕ ಉದರತೈತಿ" ಅಂದಳು ಅವ್ವ.

ಎಂಟು ದಿನ ಇಬ್ಬರಿಗೂ ಮಾತಿಲ್ಲ. ಆಗ ನಾನು ಪೂರ್ತಿ ಆಯಿಯ ಪಕ್ಷ. ಈಗ ಹಾಗೆ ಹೇಳಲಾರೆ. ಆ ಡಬ್ಬಿಗಳ ತುಕ್ಕು ತಿಕ್ಕಿ, ಬಿಸಿಲಿಗಿಟ್ಟು, ಬೇಳೆಯಿಂದ ಕೆಂಪು ಪುಡಿ ಹಸನು ಮಾಡುತ್ತಿದ್ದವಳು ಅವ್ವ. ಹಳೆಯದನ್ನು ಕಾಪಾಡುವ ಹೆಚ್ಚಿನ ದುಡಿತವೂ ಹೆಂಗಸಿನದೇ ಎಂಬುದನ್ನು ಹಳೆಯದನ್ನು ಹೊಗಳುವಾಗ ನಾವು ಮರೆಯುತ್ತೇವೆ. ಅದೂ ಅಲ್ಲದೆ ಅಷ್ಟರಲ್ಲಿ ಪಾಲಿಯೆಸ್ಟರ್ ಸೀರೆಗಳು ಬಂದಿದ್ದವು. ಅವು ಬೆವರು ಹೀರುವುದಿಲ್ಲ, ಪದರ ಹಾಕಿದರೆ ಜಾರುತ್ತವೆ. ಅವ್ವ ಗಂಟು ಕೊಡದಿದ್ದರೂ ಮುಂದಿನ ಕೌದಿಗೆ ಅರಿವೆ ಎಲ್ಲಿಂದ ಬರಬೇಕಿತ್ತು?

ಹಾಗೆ ಹೋದ ಬಟ್ಟೆಯೂ ಹಾಳಾಗುವುದಿಲ್ಲ. ಹೊಲಿಗೆ ಹಾಕಿ, ಒಗೆದು ಸಂತೆಗಳಲ್ಲಿ ಮಾರುತ್ತಾರೆ. ತೀರ ಜೀರ್ಣವಾದದ್ದು ಯಂತ್ರದ ಎಣ್ಣೆ ಒರೆಸಲು ಹೋಗುತ್ತದೆ. ಆನಂದ ಹೇಳಿದ ಸರದಿ ಮುಂದುವರಿಯಿತು, ನಮ್ಮ ಹೊಸ್ತಿಲಾಚೆ ಅಷ್ಟೇ. ಅಜ್ಜನ ಧೋತರ ಯಾವ ಗ್ಯಾರೇಜು ಸೇರಿತೋ. ಆಯಿಗೆ ನೋವಾದದ್ದು ಬಹುಶಃ ಅದಕ್ಕೇ. ಅದರ ಮುಂದಿನ ಪಾಳಿ ಅವಳ ಕಣ್ಣೆದುರು ನಡೆಯಲಿಲ್ಲ.

ಒಂಬತ್ತನೆಯ ದಿನ ಅವ್ವನೇ ತಮ್ಮನ ಎರಡು ಖಾಕಿ ಚಡ್ಡಿ ಬಿಚ್ಚಿ, ಇಸ್ತ್ರಿ ಮಾಡಿ ಆಯಿಯ ಮುಂದಿಟ್ಟಳು. ಒಂದು ಚಡ್ಡಿ ಇನ್ನೂ ಹರಿದಿರಲಿಲ್ಲ. ಆಯಿ ಕನ್ನಡಕ ಏರಿಸಿ ಸೂಜಿಗೆ ದಾರ ಪೋಣಿಸಿದಳು.

ಆಯಿ ಹೋಗಿ ಬಹಳ ವರ್ಷಗಳಾದವು. ಸ್ಟೀಲ್ ಡಬ್ಬಿಯ ಮುಚ್ಚಳ ಸಡಿಲಾಗಿ ಬೇಳೆಗೆ ಇರುವೆ ಹೋಗತೊಡಗಿದ ಮೇಲೆ ಅವ್ವ ಅದರಲ್ಲಿ ಕವಡೆ, ಬಳೆಚೂರು, ಹುಣಸೆಬೀಜ ಹಾಕಿಟ್ಟಿದ್ದಾಳೆ. ರಜೆಗೆ ಮೊಮ್ಮಕ್ಕಳು ಬಂದರೆ ಕೌದಿ ಹಾಸಿ ಚೌಕಾಬಾರಕ್ಕೆ ಕೂರುತ್ತಾಳೆ, ಯಾವಾಗಲೂ ಖಾಕಿ ಅಂಚಿನ ಕಡೆಗೆ. ಆಟದಲ್ಲಿ ಮೋಸವನ್ನೂ ಮಾಡುತ್ತಾಳೆ.