ಗುರಾಣಿ ತಿಗಣೆಗಳ ಪ್ರಭೇದ ನಿರ್ಣಯ

ಗುರಾಣಿ ತಿಗಣೆಗಳು ಹೆಮಿಪ್ಟೆರಾ ಗಣದ ಪೆಂಟಾಟೊಮಿಡೇ ಕುಟುಂಬಕ್ಕೆ ಸೇರಿದ ಕೀಟಗಳು. ಬೆನ್ನಿನ ಮೇಲೆ ದೊಡ್ಡ ತ್ರಿಕೋನ ಫಲಕವಿದ್ದು ದೇಹವು ಗುರಾಣಿಯ ಆಕಾರದಲ್ಲಿರುವುದರಿಂದ ಈ ಹೆಸರು ಬಂದಿದೆ. ಮುಟ್ಟಿದರೆ ಇವು ದುರ್ವಾಸನೆಯ ದ್ರವವನ್ನು ಸ್ರವಿಸುತ್ತವೆ. ಭಾರತದ ಪ್ರಭೇದಗಳ ವಿವರಣೆಯು ಡಬ್ಲ್ಯೂ. ಎಲ್. ಡಿಸ್ಟಂಟ್ ರಚಿಸಿ 1902ರಲ್ಲಿ ಪ್ರಕಟವಾದ 'ಫಾನಾ ಆಫ್ ಬ್ರಿಟಿಷ್ ಇಂಡಿಯಾ' ಗ್ರಂಥಮಾಲೆಯ ಸಂಪುಟದಲ್ಲಿದೆ.

ಪ್ರಾಮುಖ್ಯ

ತುಮಕೂರು ನಗರದ ಸುತ್ತಮುತ್ತ ಹಾಗೂ ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಮಳೆಯಾಶ್ರಿತ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆಯನ್ನು ಬೆಳೆಯುವುದು ರೂಢಿ. ಅವರೆಯಂತಹ ದ್ವಿದಳ ಬೆಳೆಗಳಿಗೆ ಬರುವ ಗುರಾಣಿ ತಿಗಣೆಗಳಲ್ಲಿ ಕೆಲವು ಕಾಯಿಯ ರಸ ಹೀರಿ ಕಾಳನ್ನು ಸುರುಟಿಸುತ್ತವೆ. ಕೆಲವು ಬೆಳೆ ತಿನ್ನುವ ಕಂಬಳಿಹುಳು, ಕಾಯಿಕೊರಕಗಳನ್ನೇ ಬೇಟೆಯಾಡುತ್ತವೆ. ಇವನ್ನು ಬೇರ್ಪಡಿಸದೆ ಕೀಟನಾಶಕ ಸಿಂಪಡಿಸಿದರೆ ರೈತನಿಗೆ ನೆರವಾಗುವ ಕೀಟವೂ ನಾಶವಾಗುತ್ತದೆ.

ಹಸಿರು ಪ್ರಭೇದಗಳು

ನೆಝರಾ ವಿರಿಡ್ಯುಲಾ: 1758ರಲ್ಲಿ ಲಿನೇಯಸ್ ಇದನ್ನು ಮೊದಲು ವರ್ಣಿಸಿದನು. ಉದ್ದ ಸುಮಾರು 12ರಿಂದ 16 ಮಿ.ಮೀ. ತ್ರಿಕೋನ ಫಲಕದ ಮುಂದಿನ ಅಂಚಿನಲ್ಲಿ ಸಾಲಾಗಿ ಮೂರು ಬಿಳಿ ಚುಕ್ಕೆಗಳೂ ಅದರ ಎರಡು ಮೂಲೆಗಳಲ್ಲಿ ಒಂದೊಂದು ಕಪ್ಪು ಚುಕ್ಕೆಯೂ ಇರುತ್ತವೆ.

ಪೀಜೋಡೋರಸ್ ಹೈಬ್ನೆರಿ: ಇದು ಗಾತ್ರದಲ್ಲಿ ಚಿಕ್ಕದು, ಉದ್ದ ಸುಮಾರು 8ರಿಂದ 11 ಮಿ.ಮೀ. ಮೈಬಣ್ಣ ಹಳದಿ ಮಿಶ್ರಿತ ಹಸಿರು. ಒಂದು ಹೆಗಲಿನಿಂದ ಇನ್ನೊಂದಕ್ಕೆ ಅಡ್ಡಲಾಗಿ ನಸುಗೆಂಪು ಅಥವಾ ಬಿಳಿಚಿದ ಪಟ್ಟಿ ಇರುತ್ತದೆ. ಕೀಟವನ್ನು ಮಗುಚಿ ನೋಡಿದರೆ ಉದರದ ಬುಡದಿಂದ ಹಿಂಗಾಲುಗಳ ನಡುವೆ ಮುಂದಕ್ಕೆ ಚಾಚಿದ ಮುಳ್ಳು ಕಾಣುತ್ತದೆ. ನೆಝರಾದಲ್ಲಿ ಇಂತಹ ಮುಳ್ಳಿಲ್ಲ.

ಬಣ್ಣವೊಂದನ್ನೇ ನಂಬಿದರೆ ತಪ್ಪಾಗಬಹುದು. ನೆಝರಾದ ಒಂದು ರೂಪದಲ್ಲಿ ತಲೆ ಮತ್ತು ಮುಂಎದೆಯ ಮುಂಭಾಗ ಹಳದಿಯಾಗಿದ್ದು, ಮೇಲ್ನೋಟಕ್ಕೆ ಅದು ಪೀಜೋಡೋರಸ್‌ನ ಪಟ್ಟಿಯನ್ನು ನೆನಪಿಸುತ್ತದೆ. ಚಳಿಗಾಲದಲ್ಲಿ ಕೆಲವು ಪ್ರದೇಶಗಳ ನೆಝರಾ ಕಂದು ಬಣ್ಣಕ್ಕೂ ತಿರುಗುತ್ತದೆ. ಆದ್ದರಿಂದ ಚುಕ್ಕೆಗಳ ಸ್ಥಾನ ಮತ್ತು ಉದರದ ಮುಳ್ಳು ಹೆಚ್ಚು ವಿಶ್ವಾಸಾರ್ಹ ಗುರುತುಗಳು.

ಕಂದು ಬಣ್ಣದ ಪರಭಕ್ಷಕ

ಇಯೋಕ್ಯಾಂಥೆಕೋನಾ ಫರ್ಸೆಲ್ಲೇಟಾ ಕಂದು ಬಣ್ಣದ ಬೇಟೆಗಾರ ತಿಗಣೆ. ಇದರ ಹೆಗಲಿನ ಎರಡೂ ಬದಿಯಲ್ಲಿ ಚೂಪಾದ ಮುಳ್ಳುಗಳಿವೆ. ಆದರೆ ಸಸ್ಯರಸ ಹೀರುವ ಕೆಲವು ತಿಗಣೆಗಳಿಗೂ ಹೆಗಲ ಮುಳ್ಳು ಇರುವುದರಿಂದ ಹೀರುಕೊಳವೆಯನ್ನು ಪರೀಕ್ಷಿಸಬೇಕು. ಸಸ್ಯಾಹಾರಿಗಳಲ್ಲಿ ಅದು ತೆಳ್ಳಗಿದ್ದು, ಮೊದಲ ಖಂಡ ತಲೆಯ ಕೆಳಗಿನ ಎರಡು ಏಣುಗಳ ನಡುವೆ ಹುದುಗಿರುತ್ತದೆ. ಪರಭಕ್ಷಕದಲ್ಲಿ ಮೊದಲ ಖಂಡ ದಪ್ಪಗಿದ್ದು ಬಿಡಿಯಾಗಿರುವುದರಿಂದ ಹೀರುಕೊಳವೆಯನ್ನು ನೇರವಾಗಿ ಮುಂದಕ್ಕೆ ಚಾಚಿ ಬೇಟೆಯನ್ನು ಚುಚ್ಚಲು ಸಾಧ್ಯ. ಟಸಾರ್ ರೇಷ್ಮೆ ಹುಳುಗಳನ್ನೂ ಹಿಡಿಯುವುದರಿಂದ ರೇಷ್ಮೆ ಕೃಷಿಯಲ್ಲಿ ಇದೇ ಕೀಟ ಪೀಡೆಯೆನಿಸುತ್ತದೆ.

ಮೊಟ್ಟೆಗಳು

ನೆಝರಾ ಪೀಪಾಯಿಯಾಕಾರದ ನಸುಹಳದಿ ಮೊಟ್ಟೆಗಳನ್ನು ಎಲೆಯ ಅಡಿಯಲ್ಲಿ ಒತ್ತೊತ್ತಾಗಿ, ಹಲವು ಸಾಲುಗಳ ಗುಂಪಾಗಿ ಇಡುತ್ತದೆ. ಪೀಜೋಡೋರಸ್‌ನ ಕಪ್ಪು ಛಾಯೆಯ ಮೊಟ್ಟೆಗಳು ಸಾಮಾನ್ಯವಾಗಿ ಎರಡು ಸಾಲಿನಲ್ಲಿರುತ್ತವೆ. ಪರಾವಲಂಬಿ ಕಣಜ ತಗುಲಿದ ನೆಝರಾ ಮೊಟ್ಟೆಗಳೂ ಕಪ್ಪಾಗುತ್ತವೆ. ಆಗ ಸಾಲುಗಳ ಜೋಡಣೆಯೇ ನಿರ್ಣಾಯಕ. ಇಂತಹ ಕಪ್ಪು ಮೊಟ್ಟೆಗಳಿಂದ ತಿಗಣೆಯ ಬದಲು ಕಣಜಗಳು ಹೊರಬರುವುದರಿಂದ ಅವನ್ನು ಹೊಲದಲ್ಲಿಯೇ ಉಳಿಸುವುದು ಲಾಭಕರ.

ಇತರ ಕುಟುಂಬಗಳು

ಅವರೆಯ ಕಾಂಡದ ಮೇಲೆ ಗುಂಪಾಗಿ ಕೂರುವ ದುಂಡನೆಯ ಮೆಗಾಕಾಪ್ಟಾ ಕ್ರಿಬ್ರೇರಿಯಾ ಪ್ಲಾಟಾಸ್ಪಿಡೇ ಕುಟುಂಬಕ್ಕೆ ಸೇರಿದೆ. ಇದರಲ್ಲಿ ಬೆನ್ನಿನ ಫಲಕ ಉದರವನ್ನು ಬಹುತೇಕ ಪೂರ್ತಿಯಾಗಿ ಮುಚ್ಚಿರುತ್ತದೆ.